ತಾರಸಿಯ ಅಡೇನಿಯಂ ಆನ್‌ಲೈನ್‌ನಲ್ಲಿ ಮಾರಬೇಕು: ಎಲ್ಲಿಂದ ಶುರು ಮಾಡಲಿ?

ತಾರಸಿ_ತುಮಕೂರು

ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ 180 ಅಡೇನಿಯಂ (ಮರುಭೂಮಿ ಗುಲಾಬಿ ಅಂತಲೂ ಕರೆಯುವ, ದಪ್ಪ ಗಡ್ಡೆಯ ಹೂಗಿಡ) ಇವೆ. ಅದರಲ್ಲಿ 32 ಕಸಿ ಮಾಡಿದ ತಾಯಿಗಿಡಗಳು, ಒಟ್ಟು 14 ಬಗೆ, ಹೆಚ್ಚಿನವು ಎರಡು ಮೂರು ಸುತ್ತು ಎಸಳಿನವು. ಉಳಿದವೆಲ್ಲ ಬೀಜದಿಂದ ಬಂದ, ಒಂದರಿಂದ ಒಂದೂವರೆ ವರ್ಷದ ಸಸಿಗಳು. ವಿ ಕಸಿ (V ಆಕಾರದಲ್ಲಿ ಕತ್ತರಿಸಿ ಕೂಡಿಸುವುದು) ಮಾಡಲು ಬರುತ್ತದೆ, ನಾಲ್ಕು ಮಾಡಿದರೆ ಮೂರು ಹಿಡಿಯುತ್ತವೆ. ಅಂಗಡಿ ಹಾಕದೆ ಆನ್‌ಲೈನ್‌ನಲ್ಲೇ ಮಾರಬೇಕು ಅಂತ ಯೋಚನೆ.

ಅಡೇನಿಯಂ ಒಂದೇ ಸಾಕೋ, ಬೇರೆ ಗಿಡಗಳನ್ನೂ ಇಡಬೇಕೋ? ಕೊರಿಯರ್‌ನಲ್ಲಿ ಕೊಳೆಯದ ಹಾಗೆ ಕಳಿಸುವುದು ಹೇಗೆ? ಬೆಲೆ ಹೇಗೆ ಕಟ್ಟಬೇಕು? ಜಿಎಸ್‌ಟಿ ಮಾಡಿಸಬೇಕಾ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಕಸಿಕತ್ತಿ

ಅಡೇನಿಯಂ ಒಂದೇ ಇಡಿ ಮೇಡಂ. ಗುಲಾಬಿ, ದಾಸವಾಳ, ಮನಿಪ್ಲಾಂಟ್ ಎಲ್ಲ ಸೇರಿಸಿದರೆ ಒಂದೊಂದಕ್ಕೂ ಬೇರೆ ಪ್ಯಾಕಿಂಗ್, ಬೇರೆ ಸೀಸನ್, ಬೇರೆ ದೂರು. ಅಡೇನಿಯಂಗೆ ಇರುವ ದೊಡ್ಡ ಅನುಕೂಲ ಅಂದರೆ ಅದರ ಗಡ್ಡೆ. ನೀರನ್ನು ಗಡ್ಡೆಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಮಣ್ಣಿಲ್ಲದೆ, ನೀರಿಲ್ಲದೆ, ಬೇರು ಬಿಚ್ಚಿಕೊಂಡೇ ಒಂದು ವಾರ ಪೆಟ್ಟಿಗೆಯಲ್ಲಿ ಇರಬಲ್ಲದು. ಈ ಗುಣ ಇರುವ ಹೂವಿನ ಗಿಡಗಳು ಬಹಳ ಕಡಿಮೆ. ನಿಮ್ಮ ವ್ಯಾಪಾರ ನಿಂತಿರುವುದು ಆ ಒಂದು ಗುಣದ ಮೇಲೆ. ಅದಕ್ಕೆ ಹೊಂದದ ಯಾವ ಗಿಡವನ್ನೂ ಪಟ್ಟಿಗೆ ಸೇರಿಸಬೇಡಿ.

ಆದರೆ 14 ಬಗೆಯನ್ನೂ ಮೊದಲ ದಿನವೇ ಮಾರಾಟಕ್ಕೆ ಹಾಕಬೇಡಿ. 32 ತಾಯಿಗಿಡ ಕೇಳಲು ದೊಡ್ಡ ಸಂಖ್ಯೆ, ಕಸಿಕಡ್ಡಿ (ಕಸಿಗೆಂದು ತಾಯಿಗಿಡದಿಂದ ಕತ್ತರಿಸುವ ಕಡ್ಡಿ) ಲೆಕ್ಕದಲ್ಲಿ ದೊಡ್ಡದಲ್ಲ. ಎಂಟು ಕೊಂಬೆ ಇರುವ ತಾಯಿಗಿಡದಿಂದ ಒಂದು ಸಲಕ್ಕೆ ಮೂರು ಇಂಚಿನ ಎಂಟು ಹತ್ತು ಕಡ್ಡಿ ಸಿಗಬಹುದು. ಕತ್ತರಿಸಿದ ಪ್ರತಿ ತುದಿಯಲ್ಲೂ ಎರಡು ಮೂರು ಚಿಗುರು ಬರುತ್ತವೆ, ಅವು ಮತ್ತೆ ಕಡ್ಡಿ ಕೊಡುವಷ್ಟು ದಪ್ಪ ಆಗಲು ತಿಂಗಳುಗಳೇ ಬೇಕು. ಹಾಗಾಗಿ ಚೆನ್ನಾಗಿ ಕವಲೊಡೆಯುವ, ಹೂವು ಹೆಚ್ಚು ದಿನ ನಿಲ್ಲುವ ಐದಾರು ಬಗೆ ಆರಿಸಿ, ಒಂದೊಂದರಲ್ಲೂ 15ರಿಂದ 20 ಕಸಿಗಿಡ ಸಿದ್ಧ ಆದ ಮೇಲೆ ಬಾಗಿಲು ತೆರೆಯಿರಿ. ಬಗೆಗೆ ಒಂದೊಂದೇ ಗಿಡ ಇಟ್ಟರೆ ದಿನವಿಡೀ "ಸ್ಟಾಕ್ ಇಲ್ಲ" ಅಂತ ಉತ್ತರ ಬರೆಯುವುದೇ ಕೆಲಸ ಆಗುತ್ತದೆ.

ಕಸಿಗೆ ನಮ್ಮ ಬಯಲುಸೀಮೆಯಲ್ಲಿ ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಗಿಡ ಮಲಗಿರುತ್ತದೆ, ಕಸಿ ಕೂಡಿಕೊಳ್ಳುವುದು ನಿಧಾನ. ಬೇರುಗಿಡ (ಕಡ್ಡಿಯನ್ನು ಕೂರಿಸುವ ಕೆಳಗಿನ ಗಿಡ) ಹೆಬ್ಬೆರಳು ದಪ್ಪ ಇರಲಿ, ಕಡ್ಡಿಯೂ ಅದೇ ದಪ್ಪದ್ದು. ಹೊಸ ಬ್ಲೇಡ್, ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿ. ಕಡ್ಡಿಯ ಎಲೆಗಳನ್ನು ಪೂರ್ತಿ ತೆಗೆದು, ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಸಣ್ಣ ಕವರ್ ಕಟ್ಟಿ ನೆರಳಲ್ಲಿಡಿ. ಸುಮಾರು ಎರಡು ವಾರಕ್ಕೆ ಕವರ್ ತೆಗೆಯಬಹುದು. ಒಳಗೆ ನೀರಿನ ಹನಿ ಕಟ್ಟಿ ಕಡ್ಡಿಯ ಮೇಲೆ ಬೀಳುತ್ತಿದ್ದರೆ ಅದಕ್ಕೂ ಮೊದಲೇ ಕವರಿನ ಮೂಲೆ ಕತ್ತರಿಸಿ. ಕಸಿ ಕಪ್ಪಾಗುವುದು ಹೆಚ್ಚಾಗಿ ಈ ಹನಿಯಿಂದಲೇ.

ಈಗ ಎಲ್ಲರೂ ಆತುರ ಮಾಡುವ ಜಾಗ. ಚಿಗುರು ಬಂತು ಅಂದ ತಕ್ಷಣ ಮಾರಬೇಡಿ. ಕಡ್ಡಿಯಲ್ಲೇ ಇರುವ ಸತ್ವದಿಂದಲೂ ಚಿಗುರು ಬರುತ್ತದೆ, ಕೆಳಗೆ ಕೂಡಿಕೊಂಡಿರಬೇಕೆಂದೇನಿಲ್ಲ. ಕನಿಷ್ಠ ಮೂರು ತಿಂಗಳು ಕಾಯಿರಿ. ಆಮೇಲೆ ಕಸಿಯ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಗಂಟಿನ ಸುತ್ತ ತೊಗಟೆ ಉಬ್ಬಿ ಒಂದೇ ಆಗಿದ್ದರೆ ಸರಿ. ಗೆರೆ ಬಿಟ್ಟುಕೊಂಡಂತೆ ಕಂಡರೆ ಇನ್ನೊಂದು ತಿಂಗಳು ಮನೆಯಲ್ಲೇ ಇರಲಿ.

ಬೀಜದ ಸಸಿಗಳ ಬಗ್ಗೆ ಒಂದು ಮಾತು. ತಾಯಿಗಿಡದ ಹೂವು ಬೀಜದ ಗಿಡದಲ್ಲಿ ಹಾಗೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಆದ್ದರಿಂದ ಕೆಂಪು ಸುತ್ತು ಹೂವಿನ ಫೋಟೊ ಹಾಕಿ ಅದರ ಬೀಜವನ್ನಾಗಲಿ ಸಸಿಯನ್ನಾಗಲಿ ಮಾರುವುದು ಮೋಸ. ಎಷ್ಟೋ ಕಡೆ ಇದೇ ನಡೆಯುತ್ತಿದೆ, ಹೊಸಬರು ಎರಡು ವರ್ಷ ಕಾದು ತೆಳು ಗುಲಾಬಿ ಹೂವು ನೋಡಿ ಹವ್ಯಾಸವನ್ನೇ ಬಿಡುತ್ತಾರೆ. "ಬೀಜದ ಸಸಿ, ಹೂವಿನ ಬಣ್ಣ ಗೊತ್ತಿಲ್ಲ, ಗಡ್ಡೆಯ ಚೆಂದಕ್ಕಾಗಿ" ಅಂತ ಬರೆದು ಮಾರಿ. ದಪ್ಪ ಗಡ್ಡೆಯ ಸಸಿಗೆ ಅದೇ ಕಾರಣಕ್ಕೆ ಗಿರಾಕಿ ಇದ್ದಾರೆ.

ಪಾರ್ಸೆಲ್_ಪೆಟ್ಟಿಗೆ

ಪ್ಯಾಕಿಂಗ್ ಬಗ್ಗೆ ನಾನು ಬರೆಯುತ್ತೇನೆ. ಗಿಡ ಸಾಯುವುದು ದಾರಿಯಲ್ಲಿ, ಆದರೆ ಕಾರಣ ಮನೆಯಲ್ಲೇ ಆಗಿರುತ್ತದೆ: ಒದ್ದೆ ಇರುವಾಗ ಮುಚ್ಚಿದ ಪೆಟ್ಟಿಗೆ.

ಕಳಿಸುವ ದಿನಕ್ಕೆ ಎಂಟು ದಿನ ಮೊದಲು ನೀರು ನಿಲ್ಲಿಸಿ. ನಾಲ್ಕನೇ ದಿನ ಕುಂಡದಿಂದ ತೆಗೆದು ಮಣ್ಣು ಉದುರಿಸಿ, ಬೇರು ತೊಳೆಯಿರಿ. ತೊಳೆಯುವುದು ಚೊಕ್ಕಟಕ್ಕೆ ಮಾತ್ರ ಅಲ್ಲ. ಬೇರಿನಲ್ಲಿ ಬಿಳಿ ಹಿಟ್ಟು ಮೆತ್ತಿದಂತೆ ಇದ್ದರೆ ಅದು ಬೇರಿನ ಹಿಟ್ಟು ತಿಗಣೆ. ಅಂಥ ಗಿಡವನ್ನು ಪಟ್ಟಿಯಿಂದ ತೆಗೆದುಬಿಡಿ. ಒಬ್ಬ ಗಿರಾಕಿಯ ಮನೆಗೆ ತಿಗಣೆ ಹೋದರೆ ಅವರ ಇಡೀ ತಾರಸಿಗೆ ಹಬ್ಬುತ್ತದೆ. ಆಮೇಲೆ ಕೂದಲಿನಂಥ ಸಣ್ಣ ಬೇರುಗಳನ್ನು ಕತ್ತರಿಸಿ, ಕಾರ್ಬೆಂಡಜಿಂ ಮತ್ತು ಮ್ಯಾಂಕೋಜೆಬ್ ಸೇರಿದ ಶಿಲೀಂಧ್ರನಾಶಕ ಪುಡಿ ಲೀಟರಿಗೆ 2 ಗ್ರಾಂ ಕಲಸಿದ ನೀರಲ್ಲಿ ಹತ್ತು ನಿಮಿಷ ಅದ್ದಿ. ಕೈಗವಸು ಹಾಕಿಕೊಳ್ಳಿ. ನಂತರ ನೆರಳಲ್ಲಿ, ಗಾಳಿ ಆಡುವ ಕಡೆ, ಮೂರರಿಂದ ನಾಲ್ಕು ದಿನ ಒಣಗಲು ಬಿಡಿ. ಕತ್ತರಿಸಿದ ಜಾಗ ಮುಟ್ಟಿದರೆ ಜಿಗುಟು ಇರಬಾರದು, ತೆಳು ಚರ್ಮ ಕಟ್ಟಿರಬೇಕು. ಆ ಚರ್ಮ ಕಟ್ಟದಿದ್ದರೆ ಎಷ್ಟು ಅವಸರ ಇದ್ದರೂ ಕಳಿಸಬೇಡಿ.

ಸುತ್ತಲು ಒಣ ಪತ್ರಿಕೆ ಕಾಗದ ಎರಡು ಪದರ. ಪ್ಲಾಸ್ಟಿಕ್ ಕವರ್ ಬೇಡ, ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ. ಬೇರೆ ಗಿಡಕ್ಕೆ ಅದು ಜೀವ, ಅಡೇನಿಯಂಗೆ ವಿಷ. ಕಸಿಯ ಗಂಟಿಗೆ ಐಸ್‌ಕ್ರೀಮ್ ಕಡ್ಡಿ ಅಥವಾ ಬಿದಿರು ಸೀಳು ಇಟ್ಟು, ಕಾಗದ ಸುತ್ತಿ, ಟೇಪ್ ಹಾಕಿ. ಟೇಪ್ ತೊಗಟೆಗೆ ತಾಗಬಾರದು. ಪೆಟ್ಟಿಗೆ ಒಂದು ಕೆಜಿ ಒಳಗಿದ್ದರೆ 3 ಪದರದ ರಟ್ಟು, ಮೇಲಾದರೆ 5 ಪದರ. ಪಕ್ಕಗಳಲ್ಲಿ ಪೆನ್ಸಿಲ್ ಗಾತ್ರದ ನಾಲ್ಕಾರು ತೂತು. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ. ಒಳಗೆ ಸದ್ದು ಕೇಳಿದರೆ ಮತ್ತೆ ಬಿಚ್ಚಿ ಕಾಗದ ತುರುಕಿ, ಅಲ್ಲಾಡುವ ಗಿಡದ ಕಸಿ ಮುರಿದೇ ಮುರಿಯುತ್ತದೆ.

ಪೆಟ್ಟಿಗೆ ಗಾತ್ರದಲ್ಲಿ ದುಡ್ಡು ಸೋರುತ್ತದೆ. ಸಾಮಾನ್ಯವಾಗಿ ಖಾಸಗಿ ಕೊರಿಯರ್‌ನವರು ತೂಕವನ್ನೂ ಗಾತ್ರವನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ಬಿಲ್ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ. 30×15×15 ಪೆಟ್ಟಿಗೆ ಅಂದರೆ 1.35 ಕೆಜಿ, ಒಳಗಿನ ಗಿಡ 350 ಗ್ರಾಂ ಇದ್ದರೂ ಒಂದೂವರೆ ಕೆಜಿ ದರ. ಅದೇ ಗಿಡ 25×10×10ರಲ್ಲಿ ಕೂತರೆ ಅರ್ಧ ಕೆಜಿಗೆ ಮುಗಿಯಿತು. ಆದ್ದರಿಂದ ಪೆಟ್ಟಿಗೆಯ ಅಳತೆಯನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹಿಡಿಯುವಷ್ಟು ಎತ್ತರದಲ್ಲಿ ಗಿಡವನ್ನು ಚಿವುಟಿ ಬೆಳೆಸಿ. ಮೂರು ಗಿಡದ ಆರ್ಡರ್‌ಗೆ 25×20×10 ಪೆಟ್ಟಿಗೆ ಇಟ್ಟುಕೊಳ್ಳಿ. ಒಂದರ ತಲೆ ಇನ್ನೊಂದರ ಬುಡದ ಕಡೆ ಬರುವಂತೆ ಮಲಗಿಸಿದರೆ ಸರಿಯಾಗಿ ಒಂದು ಕೆಜಿ.

ಕಳಿಸುವುದು ಸೋಮವಾರ ಮತ್ತು ಮಂಗಳವಾರ ಮಾತ್ರ. ಶುಕ್ರವಾರ ಕೊಟ್ಟ ಪೆಟ್ಟಿಗೆ ಭಾನುವಾರ ಯಾವುದೋ ಗೋದಾಮಿನಲ್ಲಿ ಬೇಯುತ್ತಿರುತ್ತದೆ. ಸಿಒಡಿ (ಗಿಡ ತಲುಪಿದ ಮೇಲೆ ದುಡ್ಡು ಕೊಡುವುದು) ಇಡಲೇಬೇಡಿ. ಗಿರಾಕಿ ಬೇಡ ಅಂದರೆ ಎರಡೂ ಕಡೆಯ ಕೊರಿಯರ್ ನಿಮ್ಮ ತಲೆಗೆ, ಗಿಡವಂತೂ ಹೋಗಿ ಬರುವಷ್ಟರಲ್ಲಿ ಎರಡು ವಾರ ಕತ್ತಲಲ್ಲಿ ಇದ್ದಿರುತ್ತದೆ.

ಮಲೆಸೀಮೆ

ಪಾರ್ಸೆಲ್ ಸರ್ ಹೇಳಿದ್ದು ಬಯಲುಸೀಮೆಯ ಬೇಸಿಗೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ಗೆ ಅದನ್ನೇ ಪಾಲಿಸಿದರೆ ಗಿಡ ಉಳಿಯುವುದಿಲ್ಲ. ತೇವದ ಗಾಳಿಯಲ್ಲಿ ನಾಲ್ಕು ದಿನಕ್ಕೆ ಬೇರು ಒಣಗುವುದೇ ಇಲ್ಲ. ಮಳೆಗಾಲದಲ್ಲಿ ತೊಳೆಯುವುದನ್ನು ಬಿಟ್ಟು, ಒಣ ಬ್ರಷ್‌ನಿಂದ ಮಣ್ಣು ತೆಗೆದು, ಶಿಲೀಂಧ್ರನಾಶಕವನ್ನು ನೀರಲ್ಲಿ ಅದ್ದುವ ಬದಲು ಪುಡಿಯಾಗಿಯೇ ಗಾಯಕ್ಕೆ ಸವರಿ. ಫ್ಯಾನಿನ ಕೆಳಗೆ ವಾರ ಒಣಗಿಸಿ. ಕರಾವಳಿ, ಕೇರಳ, ಕೊಡಗಿನ ಆರ್ಡರ್‌ಗಳನ್ನು ಜುಲೈ ತಿಂಗಳಲ್ಲಿ ತೆಗೆದುಕೊಳ್ಳದಿರುವುದೇ ವಾಸಿ. ಗಿಡ ದಾರಿಯಲ್ಲಿ ಉಳಿದರೂ ಅಲ್ಲಿನ ಮಳೆಯಲ್ಲಿ ಹೊಸ ಬೇರು ಬಿಡುವ ಮೊದಲೇ ಕೊಳೆಯುತ್ತದೆ, ದೂರು ಬರುವುದು ನಿಮಗೇ. ಉತ್ತರ ಭಾರತಕ್ಕೆ ಡಿಸೆಂಬರ್, ಜನವರಿಯಲ್ಲಿ ಇದೇ ಮಾತು, ಅಲ್ಲಿನ ಚಳಿಗೆ ಹೊಸ ಬೇರು ಬರುವುದಿಲ್ಲ.

ಎಲೆ ಬಗ್ಗೆ ಅವರು ಏನೂ ಹೇಳಲಿಲ್ಲ. ಕೆಲವರು ಎಲೆ ಸಮೇತ ಕಳಿಸುತ್ತಾರೆ, ಪೆಟ್ಟಿಗೆ ಬಿಚ್ಚಿದಾಗ ಹಸಿರು ಕಾಣಲಿ ಅಂತ. ಕತ್ತಲಲ್ಲಿ ಮೂರನೇ ದಿನಕ್ಕೆ ಎಲೆ ಹಳದಿಯಾಗಿ ಉದುರುತ್ತದೆ, ಉದುರಿದ ಎಲೆ ಒದ್ದೆಯಾಗಿ ಕಾಂಡಕ್ಕೆ ಅಂಟಿ ಅಲ್ಲಿಂದಲೇ ಬೂಷ್ಟು ಏಳುತ್ತದೆ. ತುದಿಯ ಎರಡು ಮೂರು ಪುಟ್ಟ ಎಲೆ ಬಿಟ್ಟು ಉಳಿದದ್ದನ್ನು ತೊಟ್ಟು ಅರ್ಧ ಉಳಿಸಿ ಕತ್ತರಿಸಿ. ಉಳಿದ ತೊಟ್ಟು ತಾನೇ ಒಣಗಿ ಬೀಳುತ್ತದೆ, ಕಾಂಡಕ್ಕೆ ಹಸಿ ಗಾಯ ಆಗುವುದಿಲ್ಲ. "ಗಿಡ ಬೋಳಾಗಿ ಬರುತ್ತದೆ, ಮೂರು ವಾರದಲ್ಲಿ ಚಿಗುರುತ್ತದೆ" ಅಂತ ಮಾರಾಟದ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಈ ಒಂದು ಸಾಲು ಇಲ್ಲದಿದ್ದರೆ ಅರ್ಧ ಗಿರಾಕಿಗಳು ಸತ್ತ ಗಿಡ ಕಳಿಸಿದ್ದಾರೆ ಅಂದುಕೊಳ್ಳುತ್ತಾರೆ.

ಪೆಟ್ಟಿಗೆಯೊಳಗೆ ಒಂದು ಚೀಟಿ ಇರಲೇಬೇಕು. ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ. ಒಣ ಮಣ್ಣಿನಲ್ಲಿ ನೆಡಿ, ಆರು ದಿನ ಒಂದು ಹನಿಯೂ ನೀರು ಹಾಕಬೇಡಿ, ಬೆಳಕಿರುವ ನೆರಳಲ್ಲಿಡಿ, ಏಳನೇ ದಿನ ಸ್ವಲ್ಪ ನೀರು, ಹತ್ತನೇ ದಿನದಿಂದ ಬೆಳಗಿನ ಬಿಸಿಲು. ಬಳಲಿ ಬಂದ ಗಿಡ ನೋಡಿ ಜನ ಪ್ರೀತಿಯಿಂದ ಒಂದು ಚೊಂಬು ನೀರು ಹುಯ್ಯುತ್ತಾರೆ. ಗಿಡ ಹೋಗುವುದು ಆ ಚೊಂಬಿನಲ್ಲಿ.

ಅದೇ ಚೀಟಿಯಲ್ಲಿ ಎಚ್ಚರಿಕೆಯೂ ಇರಲಿ. ಅಡೇನಿಯಂ ನಮ್ಮ ಕಣಗಿಲೆಯ ಕುಟುಂಬದ್ದು, ಸೊನೆ ವಿಷ, ಹೃದಯದ ಮೇಲೆ ಪರಿಣಾಮ ಮಾಡುವಂಥದ್ದು. ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದದ್ದು ಇದನ್ನೇ. ಮಕ್ಕಳು, ನಾಯಿ, ಬೆಕ್ಕು ಕಚ್ಚದ ಹಾಗೆ ಇಡಿ, ಕತ್ತರಿಸಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಇದನ್ನು ಬರೆದರೆ ವ್ಯಾಪಾರ ಕಡಿಮೆ ಆಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಖಾತೆಪುಸ್ತಕ

ಜಿಎಸ್‌ಟಿ ಪ್ರಶ್ನೆಗೆ. ಜೀವಂತ ಗಿಡಗಳಿಗೆ ತೆರಿಗೆ ಇಲ್ಲ, ಎಚ್‌ಎಸ್‌ಎನ್ (ಸರಕಿನ ಸಂಕೇತ ಸಂಖ್ಯೆ) 0602. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ, ಜಿಎಸ್‌ಟಿ ಕಾಯ್ದೆಯ 23ನೇ ಕಲಂ. ಆದರೆ ಒಂದು ಸಿರಾಮಿಕ್ ಕುಂಡವನ್ನೋ, ಗೊಬ್ಬರದ ಪೊಟ್ಟಣವನ್ನೋ ಪಕ್ಕದಲ್ಲಿ ಇಟ್ಟ ಕೂಡಲೇ ಕಥೆ ಬದಲಾಗುತ್ತದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ, 24ನೇ ಕಲಂ. ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ ಅನ್ನುವ ಮಿತಿ ಇದೆಯಲ್ಲ ಅಂತ ಇಲ್ಲೇ ಜನ ಎಡವುತ್ತಾರೆ. ಮೊದಲ ವರ್ಷ ಗಿಡ ಮಾತ್ರ ಮಾರಿ. ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರುವುದಾದರೆ ಖಾತೆ ತೆರೆಯುವಾಗ ಏನೇನು ಕೇಳುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ಸ್ವಂತ ಜಾಲತಾಣಕ್ಕೆ ಆ ತಾಪತ್ರಯ ಕಡಿಮೆ.

ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವನ್ನು ಆದಾಯ ತೆರಿಗೆ ಕಾನೂನು ಕೃಷಿ ಆದಾಯ ಅಂತಲೇ ಪರಿಗಣಿಸುತ್ತದೆ. ಬೇರೆಯವರಿಂದ ಕೊಂಡು ಹಾಗೇ ಮಾರಿದ್ದು ಮಾತ್ರ ವ್ಯಾಪಾರದ ಆದಾಯ. ಹಾಗಾಗಿ ಮನೆಯಲ್ಲಿ ಬೆಳೆದದ್ದು, ತಂದು ಮಾರಿದ್ದು, ಎರಡಕ್ಕೂ ಮೊದಲ ದಿನದಿಂದಲೇ ಬೇರೆ ಬೇರೆ ಪುಸ್ತಕ ಇಡಿ, ವರ್ಷದ ಕೊನೆಗೆ ನಿಮ್ಮ ಆಡಿಟರ್‌ಗೆ ತೋರಿಸಿ. ನಿಯಮಿತವಾಗಿ ಮಾರತೊಡಗಿದ ಮೇಲೆ 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳೂ ಬರುತ್ತವೆ: ತಾಣದಲ್ಲಿ ನಿಮ್ಮ ಹೆಸರು, ವಿಳಾಸ, ದೂರು ಕೇಳುವವರ ವಿವರ ಕಾಣಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ.

ಬೆಲೆಗೆ ಒಂದು ಮಾದರಿ ಲೆಕ್ಕ ಹಾಕೋಣ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ಬೇರುಗಿಡ 40 ರೂ. ಅನ್ನೋಣ. ನಾಲ್ಕರಲ್ಲಿ ಮೂರೇ ಹಿಡಿಯುವುದರಿಂದ ಗಿಡವೊಂದಕ್ಕೆ ಬೀಳುವುದು 53. ಕುಂಡ, ಮಣ್ಣು, ಔಷಧಿ 25. ಪೆಟ್ಟಿಗೆ, ಕಾಗದ, ಟೇಪ್, ಚೀಟಿ 32. ಪಾವತಿ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ಪಡೆದುಕೊಡುವ ಸೇವೆ) ಶೇ 2, ಅದರ ಮೇಲೆ ಜಿಎಸ್‌ಟಿ ಸೇರಿ ಶೇ 2.36. ಗಿಡ 350, ಕೊರಿಯರ್ 100 ಅಂದರೆ 450ಕ್ಕೆ ಸುಮಾರು 11. ಹನ್ನೆರಡರಲ್ಲಿ ಒಂದು ಗಿಡ ಬದಲಿಸಿ ಕೊಡಬೇಕಾಯಿತು ಅಂದುಕೊಂಡರೆ ಪ್ರತಿ ಗಿಡದ ಮೇಲೆ ಇನ್ನೊಂದು 18. ಒಟ್ಟು 139. ಉಳಿದ 211 ನಿಮ್ಮ ದುಡಿಮೆಗೆ, ತಾಯಿಗಿಡಕ್ಕೆ, ತಾರಸಿಯ ನೆರಳು ಬಲೆಗೆ. ಬದಲಿ ಗಿಡದ ಆ 18 ರೂಪಾಯಿಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಗಿರಾಕಿ ಸತ್ತ ಗಿಡದ ಫೋಟೊ ಕಳಿಸಿದಾಗ ಜಗಳಕ್ಕೆ ನಿಲ್ಲುತ್ತಾರೆ. ಮೊದಲೇ ಬೆಲೆಯಲ್ಲಿ ಸೇರಿದ್ದರೆ ಸಮಾಧಾನದಿಂದ ಇನ್ನೊಂದು ಕಳಿಸಬಹುದು.

ತಾರಸಿ_ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಇನ್ನು ಮೂರು ಸಂದೇಹ. ಫೋಟೊದಲ್ಲಿ ಕೆಂಪು ಬಣ್ಣ ಸರಿಯಾಗಿ ಬರುತ್ತಿಲ್ಲ. ಗಿಡ ಮೆತ್ತಗಾಗಿದೆ ಅಂತ ಗಿರಾಕಿ ಹೇಳಿದರೆ ಕೊಳೆತಿದೆಯೋ ಒಣಗಿದೆಯೋ ಅಂತ ದೂರದಿಂದ ಹೇಗೆ ತಿಳಿಯುವುದು? ಅಮೆರಿಕ, ದುಬೈನಲ್ಲಿರುವ ನಮ್ಮವರು ಕೇಳುತ್ತಿದ್ದಾರೆ, ಅಂಚೆಯಲ್ಲಿ ಕಳಿಸಬಹುದಾ?

ಕಸಿಕತ್ತಿ

ಹೊರದೇಶಕ್ಕೆ ಬೇಡ. ಗಿಡಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆಯಾ ದೇಶದ ಆಮದು ನಿಯಮವೂ ಇರುತ್ತದೆ. ಪತ್ರ ಇಲ್ಲದೆ ಹೋದದ್ದನ್ನು ಅಲ್ಲಿ ಹಿಡಿದು ನಾಶ ಮಾಡುತ್ತಾರೆ. ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಒಯ್ಯುತ್ತೇವೆ ಅನ್ನುವವರಿಗೂ ಇದನ್ನೇ ಹೇಳಿ. ಹೊರಗಿನಿಂದ ತರಿಸುವುದಾದರೂ ಅಷ್ಟೇ: ಥಾಯ್ಲೆಂಡಿನಿಂದ ಹೊಸ ಬಗೆ ತರಿಸಬೇಕು ಅನ್ನಿಸಿದರೆ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಮೊದಲು, ಗಿಡ ಆಮೇಲೆ.

ಫೋಟೊ: ಕೆಂಪು ಹೂವು ಮೊಬೈಲಿನಲ್ಲಿ ಯಾವಾಗಲೂ ಉರಿಯುತ್ತದೆ. ಬೆಳಿಗ್ಗೆ ಎಂಟರ ಒಳಗೆ, ನೇರ ಬಿಸಿಲು ಬೀಳದ ಕಡೆ, ಹಿಂದೆ ಬೂದು ಬಣ್ಣದ ರಟ್ಟು ಇಟ್ಟು, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ತೆಗೆಯಿರಿ. ಬಣ್ಣ ಏರಿಸುವ ಫಿಲ್ಟರ್ ಮುಟ್ಟಬೇಡಿ. ಒಂದೇ ಗಿಡದ ಹೂವು ಬೇಸಿಗೆಯಲ್ಲೊಂದು ಬಣ್ಣ, ಚಳಿಯಲ್ಲೊಂದು ಬಣ್ಣ. ಕಡುಗೆಂಪು ಬಗೆಗಳ ಎಸಳಿನ ಅಂಚು ಏಪ್ರಿಲ್ ಬಿಸಿಲಿಗೆ ಕಪ್ಪಾಗಿ ಸುಡುತ್ತದೆ. ಎರಡೂ ಕಾಲದ ಫೋಟೊ ಹಾಕಿ, ತಿಂಗಳು ಬರೆಯಿರಿ. ಹೂವಿನ ಫೋಟೊ ಮಾದರಿಯದ್ದಾದರೂ ಗಡ್ಡೆಯ ಫೋಟೊ ಆ ಗಿಡದ್ದೇ ಆಗಿರಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಪ್ರತಿ ಗಿಡಕ್ಕೂ ಅಲ್ಯೂಮಿನಿಯಂ ತುಂಡಿನ ಮೇಲೆ ಮೊಳೆಯಿಂದ ಸಂಖ್ಯೆ ಗೀಚಿ ತಂತಿಯಲ್ಲಿ ಕಟ್ಟಿ. ಮಾರ್ಕರ್ ಶಾಯಿ ಒಂದು ಬೇಸಿಗೆಗೆ ಅಳಿಸಿಹೋಗುತ್ತದೆ. ಹೂವಿಲ್ಲದಾಗ ಹದಿನಾಲ್ಕು ಬಗೆಯೂ ಒಂದೇ ಥರ ಕಾಣುತ್ತವೆ, ಹೆಸರು ತಪ್ಪಿ ಕಳಿಸಿದರೆ ಆರು ತಿಂಗಳ ನಂತರ ಗೊತ್ತಾಗುತ್ತದೆ.

ಮೆತ್ತಗಾದ ಗಡ್ಡೆ: ಗಿರಾಕಿಯಿಂದ ಒಂದು ವಿಡಿಯೊ ತರಿಸಿ. ಹೆಬ್ಬೆರಳಿನಿಂದ ಗಡ್ಡೆಯನ್ನು ಸುತ್ತಲೂ ಒತ್ತಲಿ. ಎಲ್ಲ ಕಡೆ ಒಂದೇ ಸಮ ಮೆತ್ತಗಿದ್ದು, ಚರ್ಮ ಸುಕ್ಕಾಗಿ, ಒತ್ತಿದ್ದು ಮತ್ತೆ ಮೇಲೆ ಬಂದರೆ ಅದು ಬಾಯಾರಿಕೆ. ನೆಟ್ಟು, ಆರು ದಿನ ಬಿಟ್ಟು ನೀರು ಕೊಟ್ಟರೆ ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಒಂದೇ ಜಾಗ ಮೆತ್ತಗಿದ್ದು, ಬೆರಳು ಒಳಗೆ ಇಳಿದು, ಕಂದು ನೀರು ಬಂದರೆ ಅಥವಾ ಹುಳಿ ವಾಸನೆ ಇದ್ದರೆ ಕೊಳೆ. ಆಗ ಕಾಯಬಾರದು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತಿಯಿಂದ ಕೆನೆ ಬಣ್ಣದ ಗಟ್ಟಿ ತಿರುಳು ಕಾಣುವವರೆಗೆ ಕೊಯ್ದು, ಶಿಲೀಂಧ್ರನಾಶಕ ಪುಡಿ ಸವರಿ, ವಾರ ಒಣಗಿಸಿ ಒಣ ಮಣ್ಣಿಗೆ ಇಡಬೇಕು. ಕೊಳೆ ಕಸಿಯ ಗಂಟಿನ ಹತ್ತಿರ ಬಂದಿದ್ದರೆ ಗಿಡ ಉಳಿಸುವ ಮಾತು ಬಿಡಿ, ಮೇಲಿನ ಕಡ್ಡಿ ಹಸಿರಿದ್ದರೆ ಅದನ್ನು ಕತ್ತರಿಸಿ ಬೇರೆ ಬೇರುಗಿಡಕ್ಕೆ ಕಸಿ ಮಾಡಬಹುದು. ಗಿರಾಕಿಗೆ ಅದು ಬರದಿದ್ದರೆ ಬದಲಿ ಗಿಡ ಕಳಿಸಿ.

ಬದಲಿ ಕೊಡುವ ನಿಯಮವನ್ನೂ ಹೀಗೇ ಬರೆಯಿರಿ: ಪೆಟ್ಟಿಗೆ ಬಿಚ್ಚುವ ವಿಡಿಯೊ, ತಲುಪಿದ 24 ಗಂಟೆಯೊಳಗೆ. ಬಂದಾಗಲೇ ಕೊಳೆತಿದ್ದರೆ, ಕಸಿ ಮುರಿದಿದ್ದರೆ ಹೊಸ ಗಿಡ, ಕೊರಿಯರ್ ಖರ್ಚು ನಿಮ್ಮದು. ಎಲೆ ಉದುರಿದ್ದಕ್ಕೆ, ಗಡ್ಡೆ ಸುಕ್ಕಾದದ್ದಕ್ಕೆ ಬದಲಿ ಇಲ್ಲ, ಆದರೆ 30 ದಿನ ನೀವು ಸಂದೇಶಕ್ಕೆ ಉತ್ತರ ಕೊಡುತ್ತೀರಿ.

ಶುರು ಮಾಡುವ ಮೊದಲು ಮಾರ್ಚ್‌ನಲ್ಲಿ ಬೀಜದ ಸಸಿ ಹತ್ತು ಪ್ಯಾಕ್ ಮಾಡಿ, ಐದನ್ನು ಹುಬ್ಬಳ್ಳಿ, ಚೆನ್ನೈ, ಪುಣೆ, ದೆಹಲಿ, ಗುವಾಹಟಿಯ ಪರಿಚಯದವರಿಗೆ ಕಳಿಸಿ. ಉಳಿದ ಐದನ್ನು ಪೆಟ್ಟಿಗೆಯಲ್ಲೇ ಮುಚ್ಚಿ ಅಟ್ಟದ ಮೇಲಿಟ್ಟು ನಾಲ್ಕು, ಆರು, ಎಂಟು, ಹತ್ತು, ಹನ್ನೆರಡನೇ ದಿನ ಒಂದೊಂದೇ ಬಿಚ್ಚಿ, ನೆಟ್ಟು, ಚಿಗುರು ಬಂದ ದಿನ ಬರೆದಿಟ್ಟುಕೊಳ್ಳಿ. ನಿಮ್ಮ ಪ್ಯಾಕಿಂಗ್‌ಗೆ ಎಷ್ಟು ದಿನದ ದೂರದ ಪಿನ್‌ಕೋಡ್‌ವರೆಗೆ ಆರ್ಡರ್ ತೆಗೆದುಕೊಳ್ಳಬಹುದು ಅನ್ನುವುದು ಆ ಐದು ಪೆಟ್ಟಿಗೆಯಲ್ಲೇ ಗೊತ್ತಾಗುತ್ತದೆ.